ಎಲ್ಲರೂ ಅದನ್ನು ಧ್ಯಾನ ಎಂದುಕೊಂಡರು

ತಮಿಳು ಸೀಮೆಯ ಕಿಣತ್ತುಕಡವಿನ ನಮ್ಮ ಬೀದಿಯಲ್ಲಿ ಕೆಲವು ತಿಂಗಳ ಕಾಲ ನನಗೆ ದೊಡ್ಡ ಹೆಸರಿತ್ತು. ಹೊಟ್ಟೆಯಲ್ಲಿ ಮಗುವನ್ನಿಟ್ಟುಕೊಂಡು ಬೆಳಗಾಗುವ ಮೊದಲೇ ಎದ್ದು ಧ್ಯಾನಕ್ಕೆ ಕೂರುವ ಸೊಸೆ, ಒಂದು ತುತ್ತು ಹೆಚ್ಚು ಬೇಡದವಳು, ಎದುರು ಮಾತನಾಡದವಳು ಎಂದು. ನಿಜ ಏನೆಂದರೆ ನನಗೆ ಖಿನ್ನತೆ ಬಂದಿತ್ತು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣಬಹುದು ಎಂದು ನನಗೂ ಆಗ ಗೊತ್ತಿರಲಿಲ್ಲ. ಈಗ ಮಾತ್ರೆ ನಿಂತಿದೆ, ಮಗಳು ಗೋಡೆ ಹಿಡಿದು ನಡೆಯುತ್ತಾಳೆ, ನಾನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಆ ತಿಂಗಳುಗಳನ್ನು ಸ್ವಲ್ಪ ದೂರ ನಿಂತು ನೋಡಲು ಸಾಧ್ಯವಾಗಿರುವುದರಿಂದ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯವಳು. ಜವಳಿ ಎಂಜಿನಿಯರಿಂಗ್ ಓದಿ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಬಟ್ಟೆಯ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿದೆ. ಕೆಳಗೆ ದೀಪ ಉರಿಯುವ ಮೇಜಿನ ಮೇಲೆ ಬಟ್ಟೆ ಸರಿದು ಹೋಗುತ್ತಿರುತ್ತದೆ. ತೂತು, ಎಣ್ಣೆ ಕಲೆ, ದಪ್ಪ ನೂಲು ಕಂಡಲ್ಲಿ ಒಂದು ಸ್ಟಿಕ್ಕರ್ ಅಂಟಿಸಿ ಮುಂದಕ್ಕೆ ಬಿಡಬೇಕು. ಬಟ್ಟೆಯ ಮೇಲೆ ಪ್ರೀತಿಯೂ ಬೇಡ, ಕೋಪವೂ ಬೇಡ. ಈ ಅಭ್ಯಾಸ ನನ್ನ ಮಾತಿಗೂ ಅಂಟಿಕೊಂಡಿದೆ ಎಂದು ನನ್ನ ಗಂಡ ಗೋಪಾಲ್ ಆಗಾಗ ರೇಗಿಸುತ್ತಾನೆ.

ಗೋಪಾಲ್ ನಗರದ ಅಂಚಿನ ಕುರಿಚಿಯ ಒಂದು ಎರಕದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವನ ಮನೆಯವರು ಎಷ್ಟೋ ತಲೆಮಾರುಗಳಿಂದ ಇಲ್ಲಿನವರೇ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮಾವ ತೀರಿಕೊಂಡ ಮೇಲೆ ಊರಿನ ಟೊಮ್ಯಾಟೊ ಮಂಡಿಯನ್ನು ಅತ್ತೆ ರಂಗಮ್ಮನವರೇ ನಡೆಸುತ್ತಾರೆ. ಅವರಿಗೆ ಕನ್ನಡ ಓದಲು ಬಾರದು, ಆದರೆ ಪೆಟ್ಟಿಗೆಯ ಮೇಲಿನ ಸಾಲಿನ ಹಣ್ಣು ನೋಡಿ ತಳದಲ್ಲಿ ಎಂಥದ್ದಿದೆ ಎಂದು ಹೇಳುತ್ತಾರೆ. ಅವರ ಕನ್ನಡ ನನಗೆ ಅರ್ಧ ತಮಿಳಿನಂತೆ ಕೇಳಿಸುತ್ತಿತ್ತು, ನನ್ನದು ಅವರಿಗೆ ಟೀವಿಯ ವಾರ್ತೆಯಂತೆ. ಆದರೂ ನಾವಿಬ್ಬರೂ ಹೊಂದಿಕೊಂಡೇ ಇದ್ದೆವು. ವಾರವೆಲ್ಲ ನಾನು ತಿರುಪ್ಪೂರಿನ ಹಾಸ್ಟೆಲಿನಲ್ಲಿ ಇರುತ್ತಿದ್ದದ್ದೂ ಅದಕ್ಕೊಂದು ಕಾರಣ ಇರಬಹುದು.

ಬಸುರಾದ ಮೇಲೆ ವಾಂತಿ ಮಿತಿ ಮೀರಿತು. ರಜೆ ಹಾಕಿ ಕಿಣತ್ತುಕಡವಿಗೆ ಬಂದೆ. ಕೆಲವು ವಾರ ಕಳೆದು ವಾಂತಿ ನಿಂತಿತು, ಆದರೆ ಅದರ ಜೊತೆ ಹೋದದ್ದು ಯಾವುದೂ ತಿರುಗಿ ಬರಲಿಲ್ಲ. ಊಟದ ರುಚಿ, ಹರಟೆ, ಯಾರ ಮೇಲಾದರೂ ಸಿಟ್ಟು, ಒಂದೂ ಇಲ್ಲ. ಟೀವಿಯ ಧ್ವನಿ ಆರಿಸಿ ಚಿತ್ರ ಮಾತ್ರ ಬಿಟ್ಟಂತೆ ದಿನಗಳು ಹೋಗುತ್ತಿದ್ದವು. ಐದನೆಯ ತಿಂಗಳ ಸ್ಕ್ಯಾನಿಂಗ್‌ಗೆ ಗೋಪಾಲ್ ರಜೆ ಹಾಕಿ ಜೊತೆಗೆ ಬಂದ. ಪರದೆಯ ಮೇಲೆ ಮಗುವಿನ ಎದೆಬಡಿತ ತೋರಿಸಿದರು. ಅವನು ಕಣ್ಣೊರೆಸಿಕೊಂಡ. ನಾನು ಕೆಲಸದ ಮೇಜಿನ ಮುಂದೆ ನಿಂತವಳಂತೆ ನೋಡಿದೆ. ದೋಷವಿಲ್ಲ, ಮುಂದಕ್ಕೆ ಹೋಗಲಿ. ಅಷ್ಟೇ ಅನ್ನಿಸಿತು.

ಹೆರಿಗೆ ಡಾಕ್ಟರಿಗೆ ನನ್ನ ತೂಕ ಏರದೆ ಇದ್ದದ್ದು ಹಿಡಿಸಲಿಲ್ಲ. ತಮಿಳಿನಲ್ಲೇ ವಿಚಾರಿಸಿದರು.

“ಊಟ ಸೇರುತ್ತಾ?”

“ಮಾಡ್ತೀನಿ.”

“ಮಾಡೋದು ಕೇಳಲಿಲ್ಲ. ಸೇರುತ್ತಾ?”

“ಇಲ್ಲ.”

“ನಿದ್ದೆ?”

“ಬೆಳಗಿನ ಜಾವ ಎಚ್ಚರ ಆಗುತ್ತೆ. ಆಮೇಲೆ ಬರಲ್ಲ.”

“ಅಳು ಬರುತ್ತಾ?”

“ಬಂದಿದ್ರೆ ಒಳ್ಳೇದಿತ್ತು.”

ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಮೇಲಿನ ಮಹಡಿಗೆ ಹೋಗಿ ಇನ್ನೊಬ್ಬ ಡಾಕ್ಟರನ್ನು ಕಾಣಲು ಹೇಳಿದರು.

ನಗರದಲ್ಲಿ ಗಾಂಧಿಪುರಂ ಹತ್ತಿರದ ಆ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರ ಕೋಣೆಯೂ ಕಿವಿ, ಮೂಗು, ಗಂಟಲಿನ ಡಾಕ್ಟರ ಕೋಣೆಯೂ ಅಕ್ಕಪಕ್ಕ ಇವೆ. ಇಬ್ಬರ ರೋಗಿಗಳಿಗೂ ಸೇರಿ ಒಂದೇ ಸಾಲು ಬೆಂಚು. ಯಾರು ಯಾವ ಬಾಗಿಲಿನವರು ಎಂದು ಹೇಳುವುದು ಕಷ್ಟ. ಪಕ್ಕದಲ್ಲಿ ಕೂತಿದ್ದ ರೇಷ್ಮೆ ಸೀರೆಯ ಹೆಂಗಸು ಮೆಲ್ಲಗೆ, “ಕಿವಿಯಾ?” ಎಂದು ಕೇಳಿದರು. “ಹೌದು, ಕಿವಿ” ಅಂದೆ. “ನನಗೂ ಕಿವಿಯೇ” ಅಂದರು. ಒಬ್ಬರ ಹಿಂದೆ ಒಬ್ಬರು ಇನ್ನೊಂದು ಬಾಗಿಲಿನೊಳಗೆ ಹೋದೆವು. ಆಮೇಲೆ ಔಷಧಿ ಅಂಗಡಿಯ ಮುಂದೆ ಸಿಕ್ಕಾಗ ಇಬ್ಬರೂ ಗುರುತೇ ಇಲ್ಲದವರಂತೆ ನಿಂತೆವು.

ಆ ಡಾಕ್ಟರಮ್ಮ ಕಾಯಿಲೆಯ ಹೆಸರು ಹೇಳಿದರು. ಬಸುರಿಯರಲ್ಲಿ ಇದು ಅಪರೂಪವಲ್ಲ, ನನ್ನ ತಪ್ಪೂ ಅಲ್ಲ ಅಂದರು. ಸದ್ಯಕ್ಕೆ ಆಪ್ತಸಲಹೆ ಮತ್ತು ಮನಸ್ಸನ್ನು ಗಮನಿಸುವ ಅಭ್ಯಾಸದಿಂದ ಶುರು ಮಾಡೋಣ, ಕಡಿಮೆಯಾಗದಿದ್ದರೆ ಮಾತ್ರೆ, ಆದರೆ ತಪ್ಪದೆ ಬರಬೇಕು, ಮನೆಯಲ್ಲೂ ಹೇಳಬೇಕು ಅಂದರು. ಈ ಕೊನೆಯ ಮಾತನ್ನು ಗೋಪಾಲ್ ಮೆಟ್ಟಿಲು ಇಳಿಯುವಷ್ಟರಲ್ಲೇ ತಿದ್ದಿದ.

“ಅಮ್ಮಂಗೆ ಇಪ್ಪೋ ಬೇಡ. ಅವ್ರಿಗೆ ಗೊತ್ತಾದ್ರೆ ಮಂಡಿಗೇ ಗೊತ್ತಾದಂಗೆ. ಆಮೇಲೆ ಪೈತ್ಯಂ ಅಂತ ಮಾತಾಡ್ತಾರೆ.”

ಇಪ್ಪೋ ಎಂದರೆ ಈಗ, ಪೈತ್ಯಂ ಎಂದರೆ ಹುಚ್ಚು. ಆ ಮಾತು ನನಗೂ ಬೇಕಿರಲಿಲ್ಲ. ಸಕ್ಕರೆ ಪರೀಕ್ಷೆಗೆ ಹೋಗುತ್ತಿದ್ದೇನೆ ಎಂದು ಮನೆಯಲ್ಲಿ ಹೇಳುವುದೆಂದು ಇಬ್ಬರೂ ಒಪ್ಪಿದೆವು. ಗೋಪಾಲ್ ದಾರಿಯಲ್ಲಿ ಒಂದು ಚೀಲ ತುಂಬ ದಾಳಿಂಬೆ ತೆಗೆದುಕೊಂಡ. ಹೆದರಿದಾಗ ಅವನು ಹಣ್ಣು ಕೊಳ್ಳುತ್ತಾನೆ.

ಆಪ್ತಸಲಹೆಗಾರ್ತಿ ನಡುವಯಸ್ಸಿನವರು, ಹತ್ತಿಯ ಸೀರೆ, ಅವಸರವಿಲ್ಲದ ಮಾತು. ಕುರ್ಚಿಯಲ್ಲಿ ನೆಟ್ಟಗೆ ಕೂತು ಉಸಿರನ್ನು ಗಮನಿಸಲು ಹೇಳಿಕೊಟ್ಟರು. ಆಮೇಲೆ ಪಾದ, ಮೊಣಕಾಲು, ಸೊಂಟ ಎಂದು ಮೈಯ ಒಂದೊಂದೇ ಭಾಗವನ್ನು. “ನೆಮ್ಮದಿ ಹುಡುಕಬೇಡಿ” ಅಂದರು. “ಬಂದದ್ದನ್ನು ನೋಡಿ, ಹೋದದ್ದನ್ನು ನೋಡಿ. ಮಗು ಒದ್ದರೆ ಒದ್ದಿತು ಅಂತ ಗೊತ್ತಾದರೆ ಸಾಕು. ಸಂತೋಷಪಡಲೇಬೇಕು ಅಂತ ಇಲ್ಲ.” ಅಲ್ಲಿಯವರೆಗೆ ಸಿಕ್ಕವರೆಲ್ಲ ಸಂತೋಷವಾಗಿರು ಎಂದೇ ಹೇಳಿದ್ದರು. ಇರದೆಯೂ ಇರಬಹುದು ಎಂದು ಹೇಳಿದ ಮೊದಲನೆಯವರು ಇವರು. ಆ ದಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಊರು ಬರುವವರೆಗೂ ನಿದ್ದೆ ಮಾಡಿದೆ.

ಹೇಗೂ ಬೆಳಗಿನ ಜಾವ ಎಚ್ಚರವಾಗುತ್ತಿತ್ತಲ್ಲ, ಹಿತ್ತಲ ಬಾಗಿಲ ಹತ್ತಿರ ಚಾಪೆ ಹಾಸಿ ಗೋಡೆಗೆ ಒರಗಿ ಕೂರತೊಡಗಿದೆ. ಪಾಲಕ್ಕಾಡಿನ ಕಡೆಯಿಂದ ಬೀಸುವ ಗಾಳಿಗೆ ತೆಂಗಿನ ಗರಿಗಳ ಸದ್ದು, ಪೊಳ್ಳಾಚಿ ರಸ್ತೆಯ ಲಾರಿಗಳು, ಅಡುಗೆಮನೆಯಲ್ಲಿ ಅತ್ತೆಯ ಲೋಟ. ಕೆಲವು ಸಲ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಎದೆಯ ಮೇಲಿನ ಭಾರ ಇರುತ್ತಿರಲಿಲ್ಲ. ದೊಡ್ಡ ಲಾಭವೇನಲ್ಲ, ಆದರೆ ಆಗ ಅಷ್ಟಾದರೂ ಇತ್ತು.

ಅತ್ತೆ ಇದನ್ನು ಕೆಲವು ದಿನ ಸುಮ್ಮನೆ ನೋಡಿದರು. ಆಮೇಲೆ ಅವರಿಗೆ ಎಲ್ಲವೂ ಅರ್ಥವಾಗಿಬಿಟ್ಟಿತು. ನಸುಕಿನಲ್ಲೇ ಏಳುತ್ತಾಳೆ, ಅದು ಬ್ರಾಹ್ಮೀ ಮುಹೂರ್ತ. ಅರ್ಧ ತಟ್ಟೆಗೆ ಕೈ ತೊಳೆಯುತ್ತಾಳೆ, ಅದು ವ್ರತ. ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾಳೆ, ಅದು ಮೌನ. ಹೊಸ ಸೀರೆ ತೋರಿಸಿದರೆ ಕಣ್ಣು ಅರಳುವುದಿಲ್ಲ, ಅದು ವೈರಾಗ್ಯ. ನನ್ನ ಕಾಯಿಲೆಯ ಲಕ್ಷಣಗಳಲ್ಲಿ ಒಂದೂ ವ್ಯರ್ಥವಾಗಲಿಲ್ಲ. ಬಸುರಿ ಹೇಗಿರುತ್ತಾಳೋ ಕೂಸು ಹಾಗೇ ಹುಟ್ಟುತ್ತದೆ ಎಂದು ಈ ಕಡೆ ಎಲ್ಲರೂ ನಂಬುತ್ತಾರೆ. ಹಾಗಾಗಿ ಮೊಮ್ಮಗುವಿನ ಬಗ್ಗೆ ಅತ್ತೆಗೆ ಭಾರೀ ನಿರೀಕ್ಷೆ ಹುಟ್ಟಿತು. ಫೋನಿನಲ್ಲಿ ಅವರು ತಂಗಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಅವರ ಬಾಯಲ್ಲಿ ಧ್ಯಾನ ತಿಯಾನ, ಹುಡುಗಿ ಪುಳ್ಳೆ.

“ದಿನಾ ತಿಯಾನ ಮಾಡ್ತಾಳೆ. ರೊಂಬ ನೆಮ್ಮದಿ ಪುಳ್ಳೆ. ಒಂದು ಗಲಾಟೆ ಇಲ್ಲೆ, ಒಂದು ಆಸೆ ಇಲ್ಲೆ. ನೋಡ್ತಾ ಇರು, ಹುಟ್ಟೋ ಕೂಸು ಅಳೋದೇ ಇಲ್ಲೆ.”

ಮಂಡಿಯಿಂದ ಸುದ್ದಿ ಬೀದಿಗೆ ಬಂತು. ಬಾಳೆಹಣ್ಣಿನ ಚಿಪ್ಪು ಹಿಡಿದು ಹೆಂಗಸರು ಬಂದರು. ಒಬ್ಬರು ಮಗನ ಪರೀಕ್ಷೆಗೆ ಒಂದು ಒಳ್ಳೆಯ ಮಾತು ಹೇಳು ಅಂದರು. ಇನ್ನೊಬ್ಬರು ಮೊಣಕಾಲು ನೋವಿಗೆ ನನ್ನ ಕೈ ಇಡಿಸಿಕೊಂಡು, ಕಡಿಮೆಯಾಯಿತು ಎಂದು ಹೇಳಿಕೊಂಡು ತಿರುಗಿದರು. ಸಂಜೆಯ ಹೊತ್ತೂ ನಾನು ಕೂರಬಹುದೆಂದು ಅತ್ತೆ ತಮ್ಮ ಟೀವಿ ಧಾರಾವಾಹಿಯನ್ನೇ ಬಿಟ್ಟರು. ಅವರನ್ನು ಬಲ್ಲವರಿಗೆ ಅದು ಎಂಥ ತ್ಯಾಗ ಎಂದು ಗೊತ್ತು. ಮೊದಮೊದಲು ನಾನು ಇದನ್ನೆಲ್ಲ ಗೋಪಾಲನಿಗೆ ತಮಾಷೆಯಾಗಿ ಹೇಳಿದೆ, ಅವನು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಹೇಳುವುದನ್ನು ಬಿಟ್ಟೆ. ಇಷ್ಟು ಜನ ಹೊಗಳಿದ ಮೇಲೆ, ನನಗೆ ಹುಷಾರಿಲ್ಲ ಎಂದು ಬಾಯಿ ಬಿಡಲು ದಾರಿಯೇ ಉಳಿಯಲಿಲ್ಲ.

ಇಷ್ಟರಲ್ಲಿ ಕೂರುವುದು ನನಗೆ ಒಗ್ಗದಾಗಿತ್ತು. ಕಣ್ಣು ಮುಚ್ಚಿದರೆ ಒಂದೇ ಮಾತು ಬರುತ್ತಿತ್ತು: ನೀನು ಇಲ್ಲದಿದ್ದರೆ ಇವರಿಗೆಲ್ಲ ಒಳ್ಳೆಯದು. ಬಂದದ್ದನ್ನು ನೋಡಿ, ಹೋದದ್ದನ್ನು ನೋಡಿ ಎಂದು ಹೇಳಿಕೊಟ್ಟಿದ್ದರಲ್ಲ, ನೋಡಿದೆ. ಬಂತು. ಹೋಗಲಿಲ್ಲ. ಆದರೂ ಅತ್ತೆ ಎದ್ದ ಸದ್ದು ಕೇಳಿದರೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆ. ಹಿತ್ತಲಿನ ಬಾವಿಯ ಕಡೆ ಹೋಗುವುದನ್ನು ನಾನಾಗಿಯೇ ನಿಲ್ಲಿಸಿದೆ. ನನಗೆ ನನ್ನ ಮೇಲೆ ಭಯ ಶುರುವಾಗಿತ್ತು.

ಇದನ್ನು ಡಾಕ್ಟರಮ್ಮನಿಗೆ ಹೇಳಬೇಕಿತ್ತು. ಆದರೆ ಮುಂದಿನ ಸಲ ಹೊರಡುವ ದಿನ ಅತ್ತೆಯೂ ಸೀರೆ ಉಟ್ಟು ಸಿದ್ಧವಾಗಿ ನಿಂತಿದ್ದರು. “ಆ ಸಕ್ಕರೆ ಡಾಕ್ಟರ ನಾನೂ ನೋಡ್ತೀನಿ ಕಣ್ಣು. ಇಪ್ಪೋ ಎಲ್ಲಾ ನಾರ್ಮಲಾ ಕೇಳ್ಬೇಕು.” ಅಕ್ಕರೆ ಬಂದಾಗ ಅವರು ಯಾರನ್ನಾದರೂ ಕರೆಯುವುದು ಕಣ್ಣು ಎಂದೇ. ಡಾಕ್ಟರು ಊರಲ್ಲಿಲ್ಲವೆಂದು ಈಗಷ್ಟೇ ಫೋನ್ ಬಂತು ಅಂದೆ. ಅದರ ಮುಂದಿನ ಸಲವೂ ಅದೇ ಆಯಿತು. ಗೋಪಾಲ್ ಕೇಳಿದರೆ ಹೋಗಿಬಂದೆ, ಪರವಾಗಿಲ್ಲ ಅಂದರು ಎನ್ನುತ್ತಿದ್ದೆ. ಅವನು ಹಣ್ಣು ತರುವುದನ್ನು ನಿಲ್ಲಿಸಿದ್ದ. ನಾನು ವಾಸಿಯಾಗುತ್ತಿದ್ದೇನೆ ಎಂದು ಅವನು ನಂಬಿದ್ದಾನೆ ಎಂಬುದು ಅದರಿಂದ ತಿಳಿಯಿತು.

ಏಳನೆಯ ತಿಂಗಳಲ್ಲಿ ಬಳೆ ಶಾಸ್ತ್ರ ಬಂತು. ಈ ಮನೆಗಳಲ್ಲಿ ನಮ್ಮ ಸೀಮಂತವೂ ತಮಿಳರ ವಳೈಕಾಪ್ಪೂ ಬೆರೆತು ಒಂದಾಗಿವೆ. ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಕೆನ್ನೆಗೆ ಅರಿಶಿನ ಗಂಧ ಹಚ್ಚಿ, ಎರಡು ಕೈಗೂ ಗಾಜಿನ ಬಳೆ ತೊಡಿಸುತ್ತಾರೆ. ಹುಳಿಯನ್ನ, ನಿಂಬೆಯನ್ನ, ಕಾಯಿಯನ್ನ, ಮೊಸರನ್ನ ಎಂದು ಬಗೆಬಗೆಯ ಅನ್ನ ಬಡಿಸುತ್ತಾರೆ. ಒಂದು ಕಟ್ಟುನಿಟ್ಟು ಇದೆ. ಬಳೆ ತೊಟ್ಟ ಮೇಲೆ ಬಸುರಿ ಗಂಡನ ಮನೆಯಲ್ಲಿ ಮಲಗುವಂತಿಲ್ಲ. ಅಂದೇ ತಾಯಿಯ ಮನೆಗೆ ಹೊರಡಬೇಕು, ಹೆರಿಗೆಯಾಗಿ ಮಗು ಎತ್ತಿಕೊಂಡೇ ಬರಬೇಕು. ನನ್ನ ಅಮ್ಮ ದಾವಣಗೆರೆಯಿಂದ ಬಂದಿದ್ದಳು. ಸಂಜೆಯ ರೈಲಿಗೆ ನಮ್ಮಿಬ್ಬರ ಸೀಟು ಬುಕ್ ಆಗಿತ್ತು. ಅಷ್ಟು ದೂರ ಹೋದರೆ ಆ ಡಾಕ್ಟರು, ಆ ಬೆಂಚು ಎಲ್ಲ ಮುಗಿದ ಹಾಗೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಯಾವ ತಳಮಳವೂ ಆಗಲಿಲ್ಲ. ಈಗ ಯೋಚಿಸಿದರೆ ಹೆದರಿಕೆಯಾಗುವುದು ಅದಕ್ಕೇ.

ಬಳೆ ತೊಡಿಸುವುದು ಮುಗಿದ ಮೇಲೆ ಇನ್ನೊಂದು ವಾಡಿಕೆ. ಬಸುರಿ ತನ್ನ ಕೈಯಿಂದ ಒಂದು ಬಳೆ ತೆಗೆದು, ಮಗುವಿಗಾಗಿ ಕಾದಿರುವ ಹೆಣ್ಣಿಗೆ ತೊಡಿಸಬೇಕು. ಅತ್ತೆಯ ತಂಗಿಯ ಸೊಸೆ ಕವಿತಾಳನ್ನು ಕರೆದರು. ಮದುವೆಯಾಗಿ ವರ್ಷಗಳಾಗಿದ್ದವು, ಅವಳು ನೋಡದ ಡಾಕ್ಟರಿಲ್ಲ, ಹೊರದ ಹರಕೆಯಿಲ್ಲ. ಅತ್ತೆ ಎಲ್ಲರಿಗೂ ಕೇಳುವ ಹಾಗೆ, “ಇದು ಸುಮ್ನೆ ಕೈ ಅಲ್ಲ, ತಿಯಾನ ಮಾಡಿದ ಕೈ. ಕಂಡಿತಾ ಆಗುತ್ತೆ” ಅಂದರು. ಕವಿತಾ ಮುಂದೆ ಕೂತು ಕೈ ನೀಡಿ ಕಣ್ಣು ಮುಚ್ಚಿದಳು. ಅವಳ ತುಟಿ ಏನೋ ಹೇಳಿಕೊಳ್ಳುತ್ತಿತ್ತು.

ಹಸಿರು ಬಳೆಯೊಂದು ನನ್ನ ಬೆರಳಲ್ಲಿತ್ತು. ಅವಳ ಮುಖ ನೋಡಿದೆ. ಎಷ್ಟೋ ವಾರಗಳ ನಂತರ ಏನೋ ಒಂದು ನನ್ನನ್ನು ತಾಕಿತು. ಅದು ನಾಚಿಕೆ. ಇವಳಿಗೆ ಸುಳ್ಳು ಬಳೆ ತೊಡಿಸಲಾರೆ ಅನ್ನಿಸಿತು.

“ನನ್ನ ಕೈಯಿಂದ ಬೇಡ ಕವಿತಾ.”

“ಯಾಕಕ್ಕಾ?”

“ನನಗೆ ಈ ಮಗು ಬೇಕು ಅಂತ ಅನ್ನಿಸ್ತಾ ಇಲ್ಲ. ಬದುಕಿರಬೇಕು ಅಂತಲೂ ಅನ್ನಿಸ್ತಾ ಇಲ್ಲ. ನಾನು ಮಾಡ್ತಿರೋದು ಧ್ಯಾನ ಅಲ್ಲ. ನನಗೆ ಕಾಯಿಲೆ ಇದೆ.”

ಕೂಗಲಿಲ್ಲ, ಅಳಲಿಲ್ಲ. ಕೆಲಸದಲ್ಲಿ ಯಾವ ಬಟ್ಟೆಯಲ್ಲಿ ಏನು ದೋಷ ಎಂದು ಓದಿ ಹೇಳುವ ಅದೇ ಧ್ವನಿ. ಕನ್ನಡ ತಿಳಿಯದ ನೆರೆಯವರಿಗೆ ಪಕ್ಕದವರು ತಮಿಳಿನಲ್ಲಿ ಪಿಸುಗುಟ್ಟಿ ಹೇಳಿದರು. ಆಮೇಲೆ ಯಾರೋ ದೃಷ್ಟಿ ಅಂದರು, ಯಾರೋ ಕರ್ಪೂರ ತನ್ನಿ ಅಂದರು. ಅತ್ತೆ ಎದ್ದು ನಿಂತು, “ಆಯಾಸ, ಆಯಾಸ. ಬೆಳಗ್ಗಿಂದ ಕೂತಿದ್ದಾಳೆ. ಎಲ್ಲಾ ಊಟಕ್ಕೆ ಏಳಿ” ಎಂದು ಜನರನ್ನು ಹಿತ್ತಲ ಪೆಂಡಾಲಿಗೆ ಸಾಗಿಸಿದರು. ಕವಿತಾ ಮಾತ್ರ ಏಳಲಿಲ್ಲ. ನನ್ನ ಬೆರಳಿನಿಂದ ಬಳೆ ತೆಗೆದುಕೊಂಡು ತಾನೇ ತೊಟ್ಟಳು. “ನೀವು ನಿಜ ಹೇಳಿದ್ರಲ್ಲ ಅಕ್ಕಾ, ಅದೇ ಸಾಕು” ಎಂದು ನನ್ನ ಕೈ ಹಿಡಿದು ಕೂತಳು. ಅವಳ ಆ ಮಾತನ್ನು ನಾನು ಮರೆಯುವುದಿಲ್ಲ.

ಒಳಕೋಣೆಯಲ್ಲಿ ಬಾಗಿಲು ಹಾಕಿ ನಾವು ನಾಲ್ವರು ನಿಂತೆವು. ಅತ್ತೆಯ ಮುಖ ಕೆಂಪಾಗಿತ್ತು.

“ಊರೆಲ್ಲಾ ಹೇಳ್ಕೊಂಡು ಬಂದೆ. ಮಂಡಿ ಪೂರಾ ಹೇಳಿದೆ. ನನ್ನ ಹತ್ರ ಒಂದು ಮಾತು ಹೇಳಕ್ಕೆ ಆಗ್ಲಿಲ್ಲೆಯಾ?”

“ನಾನೇ ಬೇಡಾಂದೆ ಅಮ್ಮಾ” ಅಂದ ಗೋಪಾಲ್.

“ನೀ ಬಾಯಿ ಮುಚ್ಚು!”

ನನ್ನ ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ತನ್ನ ತೀರ್ಪು ಕೊಟ್ಟಳು. “ಅದೇನೂ ಕಾಯಿಲೆ ಅಲ್ರೀ. ಇಲ್ಲಿ ರೊಟ್ಟಿ ಇಲ್ಲ, ಮನಸು ಬಿಚ್ಚಿ ಮಾತಾಡಾಕ ಯಾರೂ ಇಲ್ಲ. ನಮ್ಮೂರಿಗೆ ಬಂದ್ರ ಎಲ್ಲಾ ಸರಿ ಹೋಗ್ತತಿ.”

ಅತ್ತೆ ನನ್ನ ಕಡೆ ತಿರುಗಿ, ಟೊಮ್ಯಾಟೊ ಪೆಟ್ಟಿಗೆಯ ತಳ ನೋಡುವಾಗಿನ ಮುಖದಲ್ಲಿ ಕೇಳಿದರು. “ಸಾಯ್ಬೇಕು ಅಂತ ಬರುತ್ತಾ?”

“ಬರುತ್ತೆ ಅತ್ತೆ.”

“ಸಕ್ಕರೆ ಡಾಕ್ಟರ್ ಅಂದಿಯಲ್ಲ, ಅದು ಈ ಡಾಕ್ಟರಾ?”

“ಹೌದು.”

“ಹಂಗಾದ್ರೆ ಇವಳು ರೈಲು ಹತ್ತೋದಿಲ್ಲೆ. ನಾಳೆ ಮೊದ್ಲು ಡಾಕ್ಟರು.”

ಆದರೆ ಬಳೆ ತೊಟ್ಟಾಗಿತ್ತು. ಆ ಮನೆಯಲ್ಲಿ ನಾನು ಮಲಗುವಂತಿರಲಿಲ್ಲ. ಶಾಸ್ತ್ರ ಮೀರಲು ಅತ್ತೆಗೆ ಧೈರ್ಯವಿಲ್ಲ, ಅಮ್ಮನಿಗೆ ಅದಕ್ಕಿಂತಲೂ ಇಲ್ಲ. ಮಗುವಿಗೆ ಏನಾದರೂ ಆದರೆ ಯಾರ ತಲೆಗೆ ಎಂಬ ಭಯ ಇಬ್ಬರ ಮುಖದಲ್ಲೂ ಇತ್ತು. ನನ್ನ ಜೀವದ ಮಾತು ಬಂದು ಈ ನಿಯಮದ ಮುಂದೆ ನಿಂತುಬಿಟ್ಟಿತು. ಗೋಪಾಲ್ ಏನೋ ಹೇಳಹೊರಟ, ಇಬ್ಬರೂ ಅವನನ್ನು ಸುಮ್ಮನಿರಿಸಿದರು. ಕೊನೆಗೆ ಅತ್ತೆ ಮಂಡಿಯಲ್ಲಿ ವ್ಯಾಪಾರ ಕುದುರಿಸುವ ತಗ್ಗಿದ ದನಿಯಲ್ಲಿ ಅಮ್ಮನಿಗೆ ಹೇಳಿದರು.

“ಕುರಿಚಿಲಿ ನಮ್ಮ ಅಣ್ಣನ ಮನೆ ಹಿಂದೆ ಎರಡು ರೂಮು ಕಾಲಿ ಇದೆ. ಇಪ್ಪೋ ನೀವು ಹೋಗಿ ಅಲ್ಲಿ ಒಲೆ ಹಚ್ಚಿ ಹಾಲು ಉಕ್ಕಿಸಿ. ನೀವು ಹಾಲು ಉಕ್ಕಿಸಿದ್ರೆ ಅದು ನಿಮ್ಮ ಮನೆ ತಾನೇ? ಆಮೇಲೆ ನಿಮ್ಮ ಮಗಳ ನಿಮ್ಮ ಮನೆಗೆ ಕರ್ಕೊಂಡು ಹೋಗಿ. ಆಸ್ಪತ್ರಿಗೂ ಪಕ್ಕ.”

ಅಮ್ಮ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಆಮೇಲೆ ಅವಳು ಕೇಳಿದ್ದು ಇಷ್ಟೇ: “ಅಲ್ಲಿ ಗ್ಯಾಸ್ ಐತೇನ್ರೀ?”

ಹೀಗೆ ಕುರಿಚಿಯ ಕಾರ್ಖಾನೆಗಳ ನಡುವೆ ನನಗೆ ತವರುಮನೆಯಾಯಿತು. ಸಂಜೆಯ ರೈಲು ನಮ್ಮಿಬ್ಬರ ಸೀಟು ಖಾಲಿ ಇಟ್ಟುಕೊಂಡು ಹೋಯಿತು.

ಮರುದಿನ ಅತ್ತೆ ಬಂದು ಆಸ್ಪತ್ರೆಯ ಆ ಬೆಂಚಿನ ಮೇಲೆ ನನ್ನ ಪಕ್ಕ ಕೂತರು. ಯಾರೋ ಮುದುಕರು, “ಕಿವಿಯಾ ಅಮ್ಮಾ?” ಎಂದು ಕೇಳಿದಾಗ ಕಿವಿಯನ್ನು ಸೆರಗಿನಿಂದ ಮುಚ್ಚಿಕೊಂಡು ಹೌದು ಅಂದರು. ಒಳಗೆ ಹೋದ ಮೇಲೆ ಮಾತ್ರ ಸುತ್ತಿ ಬಳಸಲಿಲ್ಲ. ಮಾತ್ರೆ ತಿಂದರೆ ಕೂಸಿಗೆ ಏನಾಗುತ್ತದೆ ಎಂದು ಕೇಳಿದರು. ತಿನ್ನದಿದ್ದರೆ ಏನಾಗುತ್ತದೆ ಎಂದೂ ಕೇಳಿದರು. ಡಾಕ್ಟರಮ್ಮ ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿ, ಎರಡು ಕಡೆಯೂ ಯೋಚಿಸಬೇಕಾದದ್ದಿದೆ, ಆದರೆ ಇವರಿಗೆ ಈಗ ಔಷಧಿ ಇಲ್ಲದಿರುವುದೇ ಹೆಚ್ಚು ಅಪಾಯ ಅಂದರು. “ಹಂಗಾದ್ರೆ ಕೊಡಿ” ಅಂದರು ಅತ್ತೆ. ನಾನಿನ್ನೂ ಹೆದರುತ್ತಲೇ ಇದ್ದೆ. ಮೊದಲ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ನುಂಗಿದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ಕ್ಷಮಿಸು ಅಂದೆ. ಮಗುವಿನ ಜೊತೆ ನಾನು ಆಡಿದ ಮೊದಲ ಮಾತು ಅದು.

ಆಪ್ತಸಲಹೆಗಾರ್ತಿ ನನ್ನ ಕೂರುವಿಕೆಯನ್ನು ಸದ್ಯಕ್ಕೆ ನಿಲ್ಲಿಸಿದರು. ಬಂದ ಯೋಚನೆ ಹೋಗದೆ ಇದ್ದಾಗ ಕಣ್ಣು ಮುಚ್ಚಿ ಒಬ್ಬಳೇ ನೋಡುತ್ತಾ ಕೂರಬಾರದು, ಕಣ್ಣು ತೆರೆದು ಪಕ್ಕದಲ್ಲಿರುವವರಿಗೆ ಹೇಳಬೇಕು ಅಂದರು. ಬದಲಿಗೆ ಪಾತ್ರೆ ತೊಳೆಯುವಾಗ ನೀರಿನ ತಂಪು, ನಡೆಯುವಾಗ ನೆಲ, ಇಷ್ಟನ್ನು ಸ್ವಲ್ಪ ಹೊತ್ತು ಗಮನಿಸಿದರೆ ಸಾಕು. ಕುರಿಚಿಯಲ್ಲಿ ನನ್ನನ್ನು ಯಾರೂ ಪುಣ್ಯವಂತೆ ಎಂದುಕೊಳ್ಳಲಿಲ್ಲ. ಸುಟ್ಟ ಮರಳಿನ ವಾಸನೆ, ಪಾಳಿ ಬದಲಾಗುವ ಸೈರನ್, ಹಗಲೆಲ್ಲ ಕಬ್ಬಿಣದ ಬಡಿತ. ಪಾತ್ರೆ ತೊಳೆದರೆ ನಾನು ಪಾತ್ರೆ ತೊಳೆಯುವ ಹೆಂಗಸು, ಅಷ್ಟೇ. ಆ ಬಿಡುಗಡೆ ದೊಡ್ಡದು. ಗೋಪಾಲ್ ಕೆಲಸ ಬಿಟ್ಟವನು ನೇರ ಅಲ್ಲಿಗೇ ಬಂದು, ಊಟ ಮಾಡಿ, ಶಾಸ್ತ್ರಕ್ಕೆ ಹೆದರಿ ಮನೆಗೆ ಹೋಗುತ್ತಿದ್ದ. ಕೆಟ್ಟ ಯೋಚನೆ ಬಂದರೆ ಅಮ್ಮನಿಗೆ “ಬಂತು” ಅನ್ನುತ್ತಿದ್ದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಪಕ್ಕ ಬಂದು ಕೂರುತ್ತಿದ್ದಳು. ಕಾಯಿಲೆ ಅಲ್ಲ ಎಂಬ ಮಾತನ್ನು ಅವಳು ಮತ್ತೆ ಆಡಲಿಲ್ಲ.

ಮಾತ್ರೆ ಮಾಯಮಂತ್ರ ಮಾಡಲಿಲ್ಲ. ಬಾಯಿ ಒಣಗುತ್ತಿತ್ತು, ತೂಕಡಿಕೆ ಬರುತ್ತಿತ್ತು. ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅಮ್ಮ ಮಾಡಿದ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. “ಇಷ್ಟು ವರ್ಷ ಆಯ್ತು, ಇನ್ನೂ ಉಪ್ಪಿನ ಅಳತೆ ಗೊತ್ತಾಗಲ್ವಾ ನಿಂಗೆ? ಬಾಯಿಗೆ ಇಡಕ್ಕಾಗಲ್ಲ!” ಎಂದು ರೇಗಿದೆ. ಅಮ್ಮ ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು. ಆಮೇಲೆ ಫೋನ್ ಎತ್ತಿಕೊಂಡು ಹೊರಗೆ ಓಡಿ, “ಬೈದ್ಲು ಕಣ್ರೀ ಬೀಗತಿ! ಸಾರು ಚೆನ್ನಾಗಿಲ್ಲ ಅಂತ ಬೈದ್ಲು!” ಎಂದು ಅತ್ತೆಗೆ ಹೇಳುತ್ತಾ ಅತ್ತಳು. ನಾನು ಮೊಸರು ಕಲಸಿಕೊಂಡು ಎರಡನೆಯ ಸಲ ಅನ್ನ ಹಾಕಿಸಿಕೊಂಡೆ. ರುಚಿ ತಿರುಗಿ ಬಂದದ್ದು ಹೀಗೆ.

ಹೆರಿಗೆ ಸಿಸೇರಿಯನ್ ಆಯಿತು. ಮಗಳು ಹುಟ್ಟಿದ ಕ್ಷಣದಿಂದ ಆಸ್ಪತ್ರೆಯ ಗೋಡೆ ಬಿರಿಯುವಂತೆ ಅತ್ತಳು. ಎದೆಯಲ್ಲಿ ಪ್ರೀತಿ ಉಕ್ಕಿ ಹರಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಕುತೂಹಲ ಬಂತು, ಆಮೇಲೆ ಅವಳಿಗೇನಾದರೂ ಆದೀತೆಂಬ ಭಯ. ಪ್ರೀತಿ ಬಂದದ್ದು ತಡವಾಗಿ, ಅವಳು ನನ್ನ ಮೂಗು ಹಿಡಿಯಲು ಕಲಿತ ದಿನಗಳಲ್ಲಿ. ಬಂದ ಮೇಲೆ ಮತ್ತೆ ಹೋಗಿಲ್ಲ. ಮಾತ್ರೆ ಇನ್ನೂ ಕೆಲವು ತಿಂಗಳು ಇತ್ತು. ಡಾಕ್ಟರಮ್ಮನೇ ಮೆಲ್ಲಮೆಲ್ಲನೆ ಇಳಿಸಿ ನಿಲ್ಲಿಸಿದರು.

ನಾನು ಮಗುವಿನೊಂದಿಗೆ ಕಿಣತ್ತುಕಡವಿಗೆ ಮರಳಿದ ಮೇಲೂ ಬೀದಿಯಲ್ಲಿ ಆ ಕಾಯಿಲೆಗೆ ಹೆಸರಿರಲಿಲ್ಲ. ಅತ್ತೆ ಎಲ್ಲರಿಗೂ ಆಯಾಸ ಎಂದೇ ಹೇಳಿ ಮುಗಿಸಿದ್ದರು. ನನಗೆ ಅದು ಚುಚ್ಚುತ್ತಿತ್ತು. ಡಾಕ್ಟರ ಬಳಿ ಕರೆದೊಯ್ದವರು, ಮಾತ್ರೆ ತಪ್ಪಿದರೆ ಗದರುತ್ತಿದ್ದವರು ಅವರೇ. ಆದರೂ ಮನೆಯ ಬಾಗಿಲಾಚೆ ನನ್ನ ಕಾಯಿಲೆ ಅವರಿಗೆ ಅವಮಾನವೇ ಆಗಿತ್ತು ಎಂದು ನಾನು ತಿಳಿದುಕೊಂಡಿದ್ದೆ. ಕೇಳುವ ಧೈರ್ಯ ಬರಲಿಲ್ಲ.

ಹೋದ ತಿಂಗಳು ಪೊಳ್ಳಾಚಿ ಕಡೆಯ ದೂರದ ಸಂಬಂಧಿ ಹೆಂಗಸೊಬ್ಬರು ಬಸುರಿ ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಚಿಕ್ಕವಳು, ಗೋಡೆಗೆ ಒರಗಿ ಕೂತಿದ್ದಳು. ತಾಯಿಗೆ ಮಗಳ ಮೇಲೆ ಹೆಮ್ಮೆ. “ಇವಳೂ ನಿಮ್ಮ ಸೊಸೆ ಹಂಗೇ ಅಕ್ಕಾ. ಬೆಳಗಾಗೋ ಮುಂಚೇನೇ ಏಳ್ತಾಳೆ. ಇದು ಬೇಕು ಅದು ಬೇಕು ಅನ್ನೋದಿಲ್ಲೆ, ಮಾತೇ ಇಲ್ಲೆ. ನಿಮ್ಮ ಸೊಸೆ ಆ ತಿಯಾನ ಸ್ವಲ್ಪ ಹೇಳ್ಕೊಟ್ರೆ ಕೂಸು ನೆಮ್ಮದಿಯಾ ಹುಟ್ಟುತ್ತೆ.”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕುರ್ಚಿಯಿಂದ ಎದ್ದು, ಹುಡುಗಿಯ ಮುಂದೆ ನೆಲದ ಮೇಲೆ ಕೂತರು. ಸಂಬಂಧಿಯ ಕಡೆ ನೋಡದೆಯೇ ಹೇಳಿದರು.

“ಅದು ತಿಯಾನ ಅಲ್ಲಮ್ಮಾ. ನನ್ನ ಸೊಸೆಗೆ ಮನಸಿಗೆ ಕಾಯಿಲೆ ಬಂದಿತ್ತು. ಸಾಯೋ ಹಂಗೆ ಆಗಿತ್ತು. ನಾನು ಅದ ತಿಯಾನ ಅಂತ ಊರೆಲ್ಲಾ ಸಾರ್ಕೊಂಡು ತಿರುಗ್ದೆ. ಡಾಕ್ಟರ್ ಹತ್ರ ಹೋದೋ, ಮಾತ್ರೆ ತಿಂದ್ಳು, ಬದುಕಿದ್ಳು.”

ಸಂಬಂಧಿ ನನ್ನ ಮುಖ, ಅತ್ತೆಯ ಮುಖ ನೋಡಿದರು. ಹುಡುಗಿ ತಲೆ ಎತ್ತಿದಳು, ತಾಯಿಯ ಕಡೆ ನೋಡಿ ಮತ್ತೆ ತಗ್ಗಿಸಿದಳು. ಅತ್ತೆಗೆ ಅದು ಕಂಡಿತು.

“ನೋಡಮ್ಮಾ, ನೀ ಒಳಗೆ ಹೋಗಿ ಎಲ್ಲಾರಿಗೂ ಕಾಪಿ ಹಾಕು.”

ಬಂದ ಅತಿಥಿಗೆ ನಮ್ಮ ಮನೆಯಲ್ಲಿ ಇಂಥ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಆಕೆ ದಂಗಾಗಿ ಎದ್ದು ಅಡುಗೆಮನೆಗೆ ಹೋದರು. ಅತ್ತೆ ಹುಡುಗಿಯ ಎರಡೂ ಕೈಗಳನ್ನು ಹಿಡಿದುಕೊಂಡರು.

“ಇಪ್ಪೋ ಹೇಳು ಕಣ್ಣು” ಅಂದರು.